ಶಾಲೆಯ ಗಂಟೆಗೊಂದು ಪುಟ್ಟ ಲಿನಕ್ಸ್



ಹೋದ ವರ್ಷ ನಮ್ಮ ಶಾಲೆಯಲ್ಲಿ ಹತ್ತನೇ ತರಗತಿಯ ಅರ್ಧವಾರ್ಷಿಕ ಪರೀಕ್ಷೆ ನಡೀತಿತ್ತು. ಅವತ್ತು ಗಣಿತ. ಮುಗಿಯೋಕೆ ಇನ್ನೂ 25 ನಿಮಿಷ ಇರುವಾಗಲೇ ಉದ್ದನೆಯ ಗಂಟೆ ಹೊಡೆದುಬಿಡ್ತು. ಮಕ್ಕಳೆಲ್ಲ ಗಾಬರಿಯಾದರು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಅರ್ಧ ಎಳೆದ ನಕ್ಷೆಯನ್ನು ಹಾಗೇ ಬಿಟ್ಟು, ಉತ್ತರ ಪತ್ರಿಕೆಗೆ ದಾರ ಕಟ್ಟಿ ಕೊಟ್ಟೇಬಿಟ್ಟಳು. ನಾವು ಓಡಿಹೋಗಿ "ಇನ್ನೂ ಟೈಮ್ ಇದೆ, ಬರೀರಿ" ಅಂತ ಪತ್ರಿಕೆ ವಾಪಸ್ ಕೊಟ್ಟೆವು. ಅವಳು ಪೆನ್ಸಿಲ್ ಹಿಡಿದು, "ಕೈ ನಡುಗ್ತಿದೆ ಸಾರ್" ಅಂದಳು. ಆ ಮಾತು ನನಗೆ ಇವತ್ತೂ ಮರೆತಿಲ್ಲ.

ನಮ್ಮ ಗಂಟೆ ಹೊಡೆಯೋದು ಅಂಗೈಯಷ್ಟಗಲದ ಒಂದು ಕಂಪ್ಯೂಟರ್. ವಿಜ್ಞಾನ ಸಂಘದ ಮಕ್ಕಳ ಜತೆ ಸೇರಿ ನಾನೇ ಕೂರಿಸಿದ್ದು. ಏನಾಯ್ತು ಅಂತ ಬಿಚ್ಚಿ ನೋಡಿದಾಗ ಗೊತ್ತಾಯ್ತು: ಶಾಲೆಯ ವೈಫೈಗೆ ಸೇರಿದ ಯಾವುದೋ ಮೊಬೈಲಿನಿಂದ ಯಾರೋ ಆ ಕಂಪ್ಯೂಟರಿನ ಒಳಗೆ ಬಂದು "ಗಂಟೆ ಹೊಡಿ" ಅಂತ ಆಜ್ಞೆ ಕೊಟ್ಟಿದ್ದರು. ಬಂದವರು ಬೀಗ ಒಡೆದಿರಲಿಲ್ಲ. ಬೋರ್ಡಿನ ಜತೆ ಬಂದ ಚೀಟಿಯಲ್ಲಿ ಅಚ್ಚಾಗಿದ್ದ ಹೆಸರು ಮತ್ತು ಪಾಸ್‌ವರ್ಡನ್ನೇ ಹಾಕಿದ್ದರು, ಬಾಗಿಲು ತೆರೆದಿತ್ತು. ಅದನ್ನು ಬದಲಾಯಿಸದೆ ಬಿಟ್ಟವನು ನಾನು. ಆದ್ದರಿಂದ ಬಂದವರು ಯಾರು ಅಂತ ಹುಡುಕೋದನ್ನು ಬಿಟ್ಟು, ಆ ಕಂಪ್ಯೂಟರನ್ನು ಮೊದಲಿನಿಂದ ಮತ್ತೆ ಕಟ್ಟೋಣ ಅಂತ ತೀರ್ಮಾನ ಮಾಡಿದೆವು. ಹೇಗೆ ಕಟ್ಟಿದೆವು ಅನ್ನೋದೇ ಈ ಲೇಖನ.

ಅಂಗೈಯಷ್ಟು ಕಂಪ್ಯೂಟರ್

ಮೇಜಿನ ಮೇಲಿನ ಕಂಪ್ಯೂಟರಿನ ಪೆಟ್ಟಿಗೆ ತೆರೆದರೆ ಹಲವು ಬಿಡಿಭಾಗಗಳು ಕಾಣಿಸ್ತವೆ. ಪ್ರೊಸೆಸರ್, ಮೆಮೊರಿ, ನೆಟ್‌ವರ್ಕ್, ಯುಎಸ್‌ಬಿ ಎಲ್ಲವನ್ನೂ ಒಂದೇ ಹಲಗೆಯ ಮೇಲೆ ಕೂರಿಸಿದರೆ ಅದು ಏಕಫಲಕ ಕಂಪ್ಯೂಟರ್. ಇವುಗಳಲ್ಲಿ ಹೆಚ್ಚು ಹೆಸರಾದದ್ದು ಇಂಗ್ಲೆಂಡಿನಲ್ಲಿ ಶಾಲಾ ಮಕ್ಕಳಿಗಾಗಿಯೇ ಯೋಚಿಸಿ ಮಾಡಿದ ರಾಸ್ಪ್‌ಬೆರಿ ಪೈ. ಅದು ಮಾರುಕಟ್ಟೆಗೆ ಬಂದದ್ದು 2012ರ ಫೆಬ್ರುವರಿ 29ರಂದು. ಎಟಿಎಂ ಕಾರ್ಡಿನಷ್ಟೇ ಅಗಲ. ಹಾರ್ಡ್ ಡಿಸ್ಕ್ ಇಲ್ಲ. ಉಗುರಿನಷ್ಟು ಎಸ್‌ಡಿ ಕಾರ್ಡಿನಲ್ಲೇ ಎಲ್ಲ ಇರುತ್ತೆ. ಅಂಚಿನಲ್ಲಿ ಸಾಲಾಗಿ ನಿಂತ ಪಿನ್ನುಗಳಿಗೆ ಬಲ್ಬು, ಮೋಟಾರು, ಸಂವೇದಕ ಜೋಡಿಸಬಹುದು.

ಇಂಥ ಬೋರ್ಡಿನಲ್ಲಿ ಸಾಮಾನ್ಯವಾಗಿ ಓಡೋದು ಲಿನಕ್ಸ್. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲೀನಸ್ ಟೋರ್ವಾಲ್ಡ್ಸ್ ಶುರು ಮಾಡಿದ ಇದು ಈಗ 3 ಕೋಟಿ ಸಾಲಿಗೂ ಮೀರಿ ಬೆಳೆದಿದೆ. ಅದರ ಪ್ರತಿ ಸಾಲನ್ನೂ ಯಾರು ಬೇಕಾದರೂ ಓದಬಹುದು, ತಿದ್ದಬಹುದು. ನಿಮ್ಮ ಅಣ್ಣ ಅಕ್ಕಂದಿರಿಗೆ ತಮಿಳುನಾಡು ಸರ್ಕಾರ ಕೊಟ್ಟ ಲ್ಯಾಪ್‌ಟಾಪ್‌ಗಳಲ್ಲಿ ಬಾಸ್ ಅನ್ನೋ ಹೆಸರು ನೋಡಿರಬಹುದು. ಅದೂ ಸಿ-ಡ್ಯಾಕ್ ಸಂಸ್ಥೆ ತಯಾರಿಸಿದ ಒಂದು ಲಿನಕ್ಸೇ.

ಬೋರ್ಡಿಗೆ ಸಿದ್ಧ ಲಿನಕ್ಸ್ ಸಿಗುತ್ತೆ. ಅದರಲ್ಲಿ ಬ್ರೌಸರ್, ಪ್ರಿಂಟರ್ ವ್ಯವಸ್ಥೆ, ಬ್ಲೂಟೂತ್, ಹಾಡು, ಆಟ ಎಲ್ಲ ಇರ್ತವೆ. ಕಲಿಯೋಕೆ ತುಂಬ ಒಳ್ಳೇದು. ಆದರೆ ಗಂಟೆ ಹೊಡೆಯೋಕೆ ಬ್ರೌಸರ್ ಯಾಕೆ? ಒಂದು ದಿನದ ಮಟ್ಟಿಗೆ ಹೊಗೇನಕಲ್‌ಗೆ ಹೊರಟವರು ಬೀರು, ಮಂಚ, ರುಬ್ಬೋ ಕಲ್ಲು ಎಲ್ಲ ಬಸ್ಸಿಗೆ ಹಾಕಿಕೊಂಡು ಹೋಗ್ತಾರಾ? ಭಾರ ಒಂದು ಕಡೆ. ಒಳಗಿರುವ ಪ್ರತಿಯೊಂದು ತಂತ್ರಾಂಶದಲ್ಲೂ ತಪ್ಪು ಇರಬಹುದು, ಪ್ರತಿ ತಪ್ಪೂ ಕಳ್ಳನಿಗೆ ಒಂದು ಕಿಟಕಿ ಆಗಬಹುದು ಅನ್ನೋದು ಇನ್ನೊಂದು ಕಡೆ. ಬಳಸದ ಕಿಟಕಿಯನ್ನು ಗೋಡೆ ಮಾಡಿಬಿಡೋದೇ ಜಾಣತನ.

ಪಕ್ಕದ ಬೆಂಗಳೂರಿನ ಹಳೇ ಕಥೆ

ಬೇಕಾದಷ್ಟೇ ಇರುವ ಲಿನಕ್ಸನ್ನು ಪುಟ್ಟ ಯಂತ್ರಕ್ಕೆ ಹೊಲಿದು ಕೊಡುವ ಕೆಲಸ ಕನ್ನಡ ನಾಡಿಗೆ ಹೊಸದಲ್ಲ. ಹೊಸೂರಿನ ಗಡಿ ದಾಟಿ ಒಂದು ಗಂಟೆ ಬಸ್ಸಿನಲ್ಲಿ ಹೋದರೆ ಬೆಂಗಳೂರು. ಅಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ವಿ. ವಿನಯ್, ರಮೇಶ್ ಹರಿಹರನ್ ಮತ್ತು ಎನ್‌ಕೋರ್ ಕಂಪನಿಯ ವಿನಯ್ ದೇಶಪಾಂಡೆ ಮೊದಲಾದವರು ಸೇರಿ ಒಂದು ಯಂತ್ರ ಮಾಡಿದರು. ಹೆಸರು ಸಿಂಪ್ಯೂಟರ್. 2001ರ ಏಪ್ರಿಲ್ 25ರಂದು ಅದರ ಮಾದರಿಯನ್ನು ಜನರಿಗೆ ತೋರಿಸಿದರು. ಆಗಿನ್ನೂ ನಮ್ಮ ಹಳ್ಳಿಗಳಲ್ಲಿ ಮೊಬೈಲೇ ಅಪರೂಪ.

ಕೈಯಲ್ಲಿ ಹಿಡಿಯುವ ಆ ಕಂಪ್ಯೂಟರಿನ ಪ್ರೊಸೆಸರಿನ ವೇಗ 206 ಮೆಗಾಹರ್ಟ್ಸ್. ಶಾಶ್ವತ ಸಂಗ್ರಹ ಬರೀ 32 ಮೆಗಾಬೈಟ್. ಇವತ್ತು ಮೊಬೈಲಿನಲ್ಲಿ ತೆಗೆಯುವ ಹತ್ತು ಫೋಟೋ ಹಾಕಿದರೆ ತುಂಬಿಹೋಗುತ್ತೆ. ಅಷ್ಟರಲ್ಲೇ ಲಿನಕ್ಸ್, ಮುಟ್ಟಿ ಬಳಸುವ ಪರದೆ, ಓದು ಬಾರದವರಿಗೆ ಬರಹವನ್ನು ಓದಿ ಹೇಳುವ ಧ್ವನಿ ಎಲ್ಲವೂ ಹಿಡಿಸಬೇಕಿತ್ತು. ಕನ್ನಡ, ಹಿಂದಿಯಂಥ ಭಾಷೆಗಳನ್ನು ಓದಿ ಹೇಳುವ ಧ್ವನಿ ಎಂಬ ತಂತ್ರಾಂಶ ಹುಟ್ಟಿದ್ದು ಈ ಕೆಲಸದಲ್ಲೇ. ಲಿನಕ್ಸಿನ ಒಳಗು ತೆರೆದಿದ್ದರಿಂದಲೇ ಬೇಡದ್ದನ್ನು ತೆಗೆದು ಬೇಕಾದ್ದನ್ನು ಸೇರಿಸೋಕೆ ಸಾಧ್ಯವಾಯ್ತು.

ಭದ್ರತೆಯ ವಿಷಯದಲ್ಲಿ ಅವರು ಮಾಡಿದ ಒಂದು ಯೋಚನೆ ನನಗೆ ತುಂಬ ಹಿಡಿಸಿತು. ಬಡ ಊರಿನಲ್ಲಿ ಮನೆಗೊಂದು ಸಿಂಪ್ಯೂಟರ್ ಕೊಳ್ಳೋಕಾಗಲ್ಲ. ಊರಿಗೆಲ್ಲ ಒಂದೇ ಯಂತ್ರ. ಹಾಗಿದ್ದರೆ ನನ್ನ ಲೆಕ್ಕ ಪಕ್ಕದ ಮನೆಯವರಿಗೆ ಕಾಣಬಾರದಲ್ಲ? ಅದಕ್ಕೆ ಯಂತ್ರದಲ್ಲಿ ಸ್ಮಾರ್ಟ್ ಕಾರ್ಡ್ ತೂರಿಸುವ ಜಾಗ ಇಟ್ಟರು. ಯಂತ್ರ ಊರಿನದು, ಕಾರ್ಡು ನಿಮ್ಮದು. ನಿಮ್ಮ ಮಾಹಿತಿ ಕಾರ್ಡಿನಲ್ಲಿ ನಿಮ್ಮ ಜೇಬಿನಲ್ಲೇ ಇರುತ್ತೆ. ಅಂದರೆ ಯಂತ್ರ ಕಟ್ಟೋಕೆ ಮೊದಲೇ "ಇದರಲ್ಲಿ ಏನಿರಬೇಕು, ಯಾರದು ಯಾರ ಕೈಯಲ್ಲಿರಬೇಕು" ಅಂತ ಕೇಳಿಕೊಂಡಿದ್ದರು. ನಾನು ಗಂಟೆ ಕೂರಿಸುವಾಗ ಕೇಳಿಕೊಳ್ಳದೇ ಹೋದ ಪ್ರಶ್ನೆ ಇದೇ.

ಸಿಂಪ್ಯೂಟರನ್ನು ಕರ್ನಾಟಕದಲ್ಲಿ ಭೂದಾಖಲೆಯ ಕೆಲಸಕ್ಕೆ ಬಳಸಿದರು. ಆದರೂ ಮಾರಾಟವಾದದ್ದು ಕೆಲವೇ ಸಾವಿರ. ಬೆಲೆ ಅಂದುಕೊಂಡಷ್ಟು ಇಳಿಯಲಿಲ್ಲ, ಅಷ್ಟರಲ್ಲಿ ಮೊಬೈಲ್ ಬಂತು. ಯಂತ್ರ ಹೋಯ್ತು, ಯೋಚನೆ ಉಳೀತು.

ಲಿನಕ್ಸ್ ಕಟ್ಟೋದು ಅಂದರೆ ಏನು?

ನಮ್ಮ ಗಂಟೆಯ ಲಿನಕ್ಸಿನಲ್ಲಿ ನಾಲ್ಕು ಭಾಗ. ಒಂದು, ಕರೆಂಟ್ ಬಂದ ತಕ್ಷಣ ಎದ್ದು ಉಳಿದವರನ್ನು ಎಬ್ಬಿಸುವ ಬೂಟ್‌ಲೋಡರ್. ಎರಡು, ಯಂತ್ರದ ಭಾಗಗಳನ್ನೆಲ್ಲ ಆಳುವ ಕರ್ನಲ್. ಮೂರು, ಕಡತ, ಆಜ್ಞೆಗಳೆಲ್ಲ ಇರುವ ಮೂಲ ಕಡತ ವ್ಯವಸ್ಥೆ. ನಾಲ್ಕು, ನಮ್ಮದೇ ಗಂಟೆಯ ಪ್ರೋಗ್ರಾಂ.

ಮೂರನೇ ಭಾಗ ಚಿಕ್ಕದಾಗಿರೋಕೆ ಬಿಸಿಬಾಕ್ಸ್ ಅನ್ನೋದು ಸಹಾಯ ಮಾಡುತ್ತೆ. ಕಡತ ನಕಲು ಮಾಡು, ಪಟ್ಟಿ ತೋರಿಸು, ಹೆಸರು ಬದಲಿಸು ಹೀಗೆ ನೂರಾರು ಆಜ್ಞೆಗಳಿಗೆ ನೂರಾರು ಪ್ರೋಗ್ರಾಂ ಇಡೋ ಬದಲು, ಎಲ್ಲ ಕೆಲಸವನ್ನೂ ಒಂದೇ ಪ್ರೋಗ್ರಾಂ ಮಾಡುತ್ತೆ. ಯಾವ ಹೆಸರಲ್ಲಿ ಕರೀತೀವೋ ಆ ಕೆಲಸ. ಒಬ್ಬರೇ ಅಜ್ಜಿ ಒಬ್ಬರಿಗೆ ಅಮ್ಮ, ಒಬ್ಬರಿಗೆ ಅತ್ತೆ, ಇನ್ನೊಬ್ಬರಿಗೆ ಚಿಕ್ಕಮ್ಮ ಆಗಿರೋ ಹಾಗೆ. 1995ರಲ್ಲಿ ಬ್ರೂಸ್ ಪೆರೆನ್ಸ್ ಅನ್ನೋರು ಡೆಬಿಯನ್ ಲಿನಕ್ಸನ್ನು ಒಂದು ಫ್ಲಾಪಿಯಿಂದ ಎಬ್ಬಿಸೋಕೆ ಇದನ್ನು ಬರೆದರು. ಫ್ಲಾಪಿಯಲ್ಲಿ ಹಿಡಿಸುತ್ತಿದ್ದದ್ದು 1.44 ಮೆಗಾಬೈಟ್ ಮಾತ್ರ!

ಇವನ್ನೆಲ್ಲ ಒಂದೊಂದಾಗಿ ಕೈಯಲ್ಲಿ ಜೋಡಿಸೋದು ಕಷ್ಟ. ಅದಕ್ಕೆ ಬಿಲ್ಡ್‌ರೂಟ್ ಎಂಬ ಉಚಿತ ಸಲಕರಣೆ ಇದೆ. ದೊಡ್ಡ ಕೆಲಸಗಳಿಗೆ ಯೋಕ್ಟೊ ಅಂತ ಇನ್ನೊಂದಿದೆ. ಬಿಲ್ಡ್‌ರೂಟ್‌ನಲ್ಲಿ ಮೊದಲು ನಮ್ಮ ಬೋರ್ಡು ಯಾವುದು ಅಂತ ಹೇಳಬೇಕು. ಆಮೇಲೆ ಒಂದು ಉದ್ದನೆಯ ಪಟ್ಟಿ ಬರುತ್ತೆ. ಬೇಕಾದ್ದಕ್ಕೆ ಗುರುತು ಹಾಕಬೇಕು, ಬೇಡದ್ದನ್ನು ಬಿಡಬೇಕು. ಹೋಟೆಲಿನಲ್ಲಿ ಊಟದ ಪಟ್ಟಿ ನೋಡಿ ಹೇಳಿದ ಹಾಗೆ. "ಮೇಕ್" ಅಂದರೆ ಸಾಕು. ಅದು ಎಲ್ಲದರ ಮೂಲ ಸಾಲುಗಳನ್ನು ತರಿಸಿಕೊಂಡು, ಯಂತ್ರಭಾಷೆಗೆ ಮಾಡಿ, ಎಸ್‌ಡಿ ಕಾರ್ಡಿಗೆ ಬರೆಯೋಕೆ ಸಿದ್ಧವಾದ ಒಂದೇ ಕಡತ ಕೊಡುತ್ತೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಕಟ್ಟೋದು ಮೇಜಿನ ಕಂಪ್ಯೂಟರಿನಲ್ಲಿ, ಓಡೋದು ಪುಟ್ಟ ಬೋರ್ಡಿನಲ್ಲಿ. ಎರಡರ ಪ್ರೊಸೆಸರಿಗೂ ಬೇರೆ ಬೇರೆ ಯಂತ್ರಭಾಷೆ. "ಅದು ಹೇಗೆ ಸಾರ್?" ಅಂತ ಒಂಬತ್ತನೇ ತರಗತಿಯ ಹುಡುಗ ಕೇಳಿದ. "ನೀನು ಮನೇಲಿ ಅಮ್ಮನ ಜತೆ ಕನ್ನಡದಲ್ಲಿ ಮಾತಾಡ್ತಾ, ತಾಲ್ಲೂಕು ಕಚೇರಿಗೆ ತಮಿಳಿನಲ್ಲಿ ಅರ್ಜಿ ಬರೆದುಕೊಡ್ತೀಯಲ್ಲ, ಹಾಗೆ" ಅಂದೆ. ಒಂದು ಭಾಷೆಯ ಮನೆಯಲ್ಲಿ ಕೂತು ಇನ್ನೊಂದು ಭಾಷೆಯಲ್ಲಿ ಬರೆದು ಕೊಡುವ ಈ ತಂತ್ರಾಂಶಕ್ಕೆ ಕ್ರಾಸ್ ಕಂಪೈಲರ್ ಅಂತಾರೆ. ಗಡಿನಾಡಿನ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತೆ!

ಪಟ್ಟಿಯಲ್ಲಿ ನಾವು ಗುರುತು ಹಾಕಿದ್ದು ಇಷ್ಟೇ: ಕರ್ನಲ್, ಬಿಸಿಬಾಕ್ಸ್, ಗಡಿಯಾರದ ಚಿಪ್ಪಿನ ಚಾಲಕ, ದೂರದಿಂದ ಒಳಬರುವ ಒಂದು ಪುಟ್ಟ ಬಾಗಿಲು. ಗಡಿಯಾರದ ಚಿಪ್ಪು ಯಾಕೆ ಅಂದರೆ, ನಮ್ಮಂಥ ಹಳೇ ಬೋರ್ಡುಗಳಲ್ಲಿ ಬ್ಯಾಟರಿ ಇರುವ ಗಡಿಯಾರ ಇರಲ್ಲ. ಕರೆಂಟ್ ಹೋಗಿ ಬಂದರೆ ಗಂಟೆ ಎಷ್ಟು ಅಂತ ಅದಕ್ಕೇ ಗೊತ್ತಿರಲ್ಲ. ನಮ್ಮ ಊರಿನಲ್ಲಿ ಕರೆಂಟ್ ಹೋಗೋದು ನಿಮಗೆ ಹೇಳಬೇಕಾ?

ಚಿಕ್ಕದಾದರೆ ಸಾಕಾ?

ಸಾಲದು. ಇದಕ್ಕೆ ದೊಡ್ಡ ಸಾಕ್ಷಿ ಮಿರಾಯ್. 2016ರಲ್ಲಿ ಈ ಹೆಸರಿನ ದುಷ್ಟ ತಂತ್ರಾಂಶ ಇಂಟರ್‌ನೆಟ್ಟಿನಲ್ಲಿ ಕ್ಯಾಮೆರಾ, ರೌಟರ್, ವಿಡಿಯೊ ರೆಕಾರ್ಡರ್‌ಗಳನ್ನು ಹುಡುಕುತ್ತಾ ಹೋಯ್ತು. ಅವೆಲ್ಲ ಬಿಸಿಬಾಕ್ಸ್ ಹಾಕಿದ ಪುಟ್ಟ ಲಿನಕ್ಸ್ ಯಂತ್ರಗಳೇ. ಮಿರಾಯ್ ಬಳಿ ಇದ್ದದ್ದು ಸುಮಾರು 60 ಹೆಸರು-ಪಾಸ್‌ವರ್ಡ್ ಜೋಡಿಗಳ ಒಂದು ಪಟ್ಟಿ. ಎಲ್ಲ ಕಾರ್ಖಾನೆಯಲ್ಲೇ ಹಾಕಿ ಕಳಿಸಿದವು, ಕೊಂಡವರು ಬದಲಾಯಿಸದೇ ಬಿಟ್ಟವು. ಅಷ್ಟರಿಂದಲೇ ಲಕ್ಷಗಟ್ಟಲೆ ಯಂತ್ರಗಳು ಅದರ ಕೈವಶವಾದವು. ಅಕ್ಟೋಬರ್ 21ರಂದು ಅಂಥ ಯಂತ್ರಗಳು ಒಟ್ಟಿಗೆ ಡೈನ್ ಎಂಬ ಕಂಪನಿಯ ಮೇಲೆ ಬಿದ್ದವು. ಡೈನ್ ಮಾಡ್ತಿದ್ದದ್ದು ತಾಣದ ಹೆಸರು ಹೇಳಿದರೆ ಅದರ ವಿಳಾಸ ತೋರಿಸುವ ಕೆಲಸ. ಅದು ಉಸಿರುಗಟ್ಟಿದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ದೊಡ್ಡ ತಾಣಗಳೂ ಅಮೆರಿಕದಲ್ಲಿ ಹಲವು ಗಂಟೆ ಸರಿಯಾಗಿ ಸಿಗಲಿಲ್ಲ. ಮಿರಾಯ್ ಬರೆದವರು ಮೂವರು ಎಳೆ ವಯಸ್ಸಿನ ಯುವಕರು. 2017ರ ಡಿಸೆಂಬರಿನಲ್ಲಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡರು.

ಇನ್ನೊಂದು ಘಟನೆ ಬಾಹ್ಯಾಕಾಶ ಸಂಸ್ಥೆ ನಾಸಾದ್ದು. ಅದರ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದ ಜಾಲಕ್ಕೆ ಯಾರೋ ಅನುಮತಿ ಇಲ್ಲದೆ ಒಂದು ರಾಸ್ಪ್‌ಬೆರಿ ಪೈ ಜೋಡಿಸಿದ್ದರು. 2018ರಲ್ಲಿ ಕಳ್ಳರು ಅದರ ಮೂಲಕ ಒಳನುಗ್ಗಿ ಸುಮಾರು 500 ಮೆಗಾಬೈಟ್ ಮಾಹಿತಿ ಕದ್ದರು. ಮಂಗಳನ ಮೇಲೆ ಗಾಡಿ ಓಡಿಸುವವರಿಗೂ ತಮ್ಮ ಕೋಣೆಯಲ್ಲಿ ಯಾವ ಪುಟ್ಟ ಯಂತ್ರ ಇದೆ ಅಂತ ಪೂರ್ತಿ ಗೊತ್ತಿರಲಿಲ್ಲ!

ರಾಸ್ಪ್‌ಬೆರಿ ಪೈ ಮಾಡಿದವರೂ ಪಾಠ ಕಲಿತರು. ಮೊದಲು ಎಲ್ಲ ಕಾರ್ಡುಗಳಿಗೂ "ಪೈ" ಅನ್ನೋ ಒಂದೇ ಬಳಕೆದಾರ ಹೆಸರು, "ರಾಸ್ಪ್‌ಬೆರಿ" ಅನ್ನೋ ಒಂದೇ ಪಾಸ್‌ವರ್ಡ್ ಇತ್ತು. 2016ರ ನವೆಂಬರಿನಲ್ಲಿ ದೂರದಿಂದ ಒಳಬರುವ ಬಾಗಿಲನ್ನು ಮೊದಲೇ ಮುಚ್ಚಿಟ್ಟು ಕೊಡೋಕೆ ಶುರು ಮಾಡಿದರು. 2022ರ ಏಪ್ರಿಲಿನಲ್ಲಿ ಆ ಸಿದ್ಧ ಬಳಕೆದಾರನನ್ನೇ ತೆಗೆದುಹಾಕಿದರು.

ನಾವು ಹಾಕಿದ ಬೀಗಗಳು

1. ಪಾಸ್‌ವರ್ಡ್ ಇಲ್ಲ, ಬೀಗದಕೈ ಇದೆ. ಒಳಬರೋಕೆ ಈಗ ಜೋಡಿ ಕೀಲಿ ಬೇಕು. ಗುಟ್ಟಿನ ಭಾಗ ನನ್ನ ಲ್ಯಾಪ್‌ಟಾಪಿನಲ್ಲಿ, ಬಹಿರಂಗ ಭಾಗ ಬೋರ್ಡಿನಲ್ಲಿ. ಬಹಿರಂಗ ಭಾಗ ಯಾರಿಗೆ ಸಿಕ್ಕರೂ ಅದರಿಂದ ಬಾಗಿಲು ತೆರೆಯೋಕಾಗಲ್ಲ.

2. ಗಂಟೆಯ ಪ್ರೋಗ್ರಾಂ ಯಜಮಾನನಲ್ಲ. ಲಿನಕ್ಸಿನಲ್ಲಿ ರೂಟ್ ಎಂಬ ಬಳಕೆದಾರನಿಗೆ ಎಲ್ಲ ಅಧಿಕಾರ. ನಮ್ಮ ಪ್ರೋಗ್ರಾಂ ಓಡೋದು ಬೇರೆ ಹೆಸರಿನಲ್ಲಿ. ಅದಕ್ಕೆ ಒಂದು ಪಿನ್ ಆನ್-ಆಫ್ ಮಾಡುವ ಹಕ್ಕು ಮಾತ್ರ. ಅದು ಕೆಟ್ಟವರ ಕೈಗೆ ಸಿಕ್ಕರೂ ಇಡೀ ಮನೆ ಹೋಗಲ್ಲ.

3. ಕಾರ್ಡಿಗೆ ಬರೆಯೋ ಹಾಗಿಲ್ಲ, ಓದಬಹುದು ಅಷ್ಟೇ. ಬರೀತಿರುವಾಗ ಕರೆಂಟ್ ಹೋದರೆ ಕಡತ ಅರ್ಧಕ್ಕೆ ನಿಂತು ಕಾರ್ಡು ಕೆಡಬಹುದು. ಓದುವಂತೆ ಮಾತ್ರ ಇಟ್ಟರೆ ಈ ಭಯ ಇಲ್ಲ. ತಾತ್ಕಾಲಿಕ ಟಿಪ್ಪಣಿಗಳೆಲ್ಲ ಮೆಮೊರಿಯಲ್ಲಿ. ನುಗ್ಗಿದವನು ಏನಾದರೂ ಬಿಟ್ಟುಹೋಗಬೇಕು ಅಂದರೂ ಕಷ್ಟ.

4. ಕಟ್ಟಿದ ಪಟ್ಟಿ ಜೋಪಾನ. ಬಿಲ್ಡ್‌ರೂಟ್‌ನಲ್ಲಿ ಗುರುತು ಹಾಕಿದ ಪಟ್ಟಿ ಒಂದು ಚಿಕ್ಕ ಕಡತ. ಅದು ಅಡುಗೆಯ ಬರಹ ಇದ್ದ ಹಾಗೆ. ನಾಳೆ ಕರ್ನಲ್ಲಿನಲ್ಲಿ ತೂತು ಸಿಕ್ಕಿತು ಅಂದರೆ, ಹೊಸ ಕರ್ನಲ್ ಹಾಕಿ ಅದೇ ಅಡುಗೆಯನ್ನು ಮತ್ತೆ ಮಾಡಬಹುದು. ಒಮ್ಮೆ ಕಟ್ಟಿ ಮರೆತುಬಿಟ್ಟ ಯಂತ್ರವೇ ಹೆಚ್ಚು ಅಪಾಯ.

5. ಜಾಲ ಬೇರೆ. ಗಂಟೆಯ ಬೋರ್ಡು ಈಗ ಎಲ್ಲರ ವೈಫೈನಲ್ಲಿ ಇಲ್ಲ. ವೇಳಾಪಟ್ಟಿ ಬದಲಾಯಿಸಬೇಕಾದಾಗ ತಂತಿ ಹಾಕ್ತೀವಿ, ಆಮೇಲೆ ತೆಗೀತೀವಿ.

ಸಂಕಗಿರಿಯ ಬಾಗಿಲುಗಳು

"ಸಾರ್, ಯಾರಾದರೂ ಎಸ್‌ಡಿ ಕಾರ್ಡನ್ನೇ ಕಿತ್ತು, ಅವರದೇ ಕಾರ್ಡು ಹಾಕಿದರೆ?" ಅಂತ ಕೇಳಿದಳು ಅದೇ ನಕ್ಷೆಯ ಹುಡುಗಿ. ಒಳ್ಳೇ ಪ್ರಶ್ನೆ.

ಸೇಲಂ ಜಿಲ್ಲೆಯ ಸಂಕಗಿರಿ ಕೋಟೆ ಹತ್ತಿದವರಿಗೆ ಗೊತ್ತು, ಮೇಲೆ ಹೋಗೋ ದಾರಿಯಲ್ಲಿ ಒಂದಾದ ಮೇಲೆ ಒಂದು ಬಾಗಿಲು ಬರ್ತಾ ಇರುತ್ತೆ. ಸುರಕ್ಷಿತ ಬೂಟ್ ಅನ್ನೋದೂ ಹಾಗೇ. ಮೊದಲ ಬಾಗಿಲು ಚಿಪ್ಪಿನೊಳಗೆ ಕಾರ್ಖಾನೆಯಲ್ಲೇ ಕೆತ್ತಿದ, ಬದಲಾಯಿಸೋಕೆ ಆಗದ ಪ್ರೋಗ್ರಾಂ. ಅದು ಬೂಟ್‌ಲೋಡರಿನ ಸಹಿ ಪರೀಕ್ಷೆ ಮಾಡುತ್ತೆ. ಸರಿ ಇದ್ದರೆ ಮಾತ್ರ ಮುಂದಕ್ಕೆ. ಬೂಟ್‌ಲೋಡರ್ ಕರ್ನಲ್ಲಿನ ಸಹಿ ನೋಡುತ್ತೆ, ಕರ್ನಲ್ ಕಡತ ವ್ಯವಸ್ಥೆಯನ್ನು ನೋಡುತ್ತೆ. ಒಂದು ಅಕ್ಷರ ಬದಲಾಗಿದ್ದರೂ ಸಹಿ ಹೊಂದಲ್ಲ, ಯಂತ್ರ ಅಲ್ಲೇ ನಿಲ್ಲುತ್ತೆ. ಇದಕ್ಕೆ ನಂಬಿಕೆಯ ಸರಪಳಿ ಅಂತಾರೆ.

ಹಾಗಾದರೆ ಮೊದಲ ಬಾಗಿಲಾದ ಚಿಪ್ಪನ್ನು ನಂಬೋದು ಹೇಗೆ? ಅದಕ್ಕೇ ನಮ್ಮ ರಾಜ್ಯದ ಐಐಟಿ ಮದ್ರಾಸ್ ಶಕ್ತಿ ಎಂಬ, ವಿನ್ಯಾಸ ತೆರೆದಿರುವ ಪ್ರೊಸೆಸರ್ ಮಾಡಿತು. 2018ರಲ್ಲಿ ಶಕ್ತಿ ಚಿಪ್ಪಿನ ಮೇಲೆ ಲಿನಕ್ಸ್ ಓಡಿತು.

ನಮ್ಮ ಗಂಟೆಗೆ ಈ ಸರಪಳಿ ಹಾಕಲಿಲ್ಲ. ಯಾಕೆಂದರೆ ಕೀಲಿಯ ಗುರುತನ್ನು ಚಿಪ್ಪಿನಲ್ಲಿ ಒಮ್ಮೆ ಸುಟ್ಟು ಬರೆದರೆ ಮತ್ತೆ ಅಳಿಸೋಕಾಗಲ್ಲ. ನಾವೇ ಕೀಲಿ ಕಳೆದುಕೊಂಡರೆ ಹೊಸ ಲಿನಕ್ಸ್ ಹಾಕೋಕೆ ದಾರಿಯೇ ಇರಲ್ಲ. ಕಬ್ಬಿಣದ ಡಬ್ಬಿಯಲ್ಲಿಟ್ಟು ಬೀಗ ಹಾಕಿದೆವು, ಬೀಗದಕೈ ಮುಖ್ಯೋಪಾಧ್ಯಾಯರ ಹತ್ತಿರ. ಎಷ್ಟು ದೊಡ್ಡ ಬೀಗ ಅನ್ನೋದು ಒಳಗೆ ಏನಿದೆ ಅನ್ನೋದರ ಮೇಲೆ ಹೋಗುತ್ತೆ. ಆಸ್ಪತ್ರೆಯ ಯಂತ್ರವೋ ಮತ ಎಣಿಕೆಯ ಯಂತ್ರವೋ ಆಗಿದ್ದರೆ ಡಬ್ಬಿ ಸಾಲದು.

ಈ ವರ್ಷದ ಪರೀಕ್ಷೆಯಲ್ಲಿ ಗಂಟೆ ಸರಿಯಾದ ಹೊತ್ತಿಗೇ ಹೊಡೀತು. ಆದರೂ ಪರೀಕ್ಷೆ ಮುಗಿಯೋ ತನಕ ನಾನು ಡಬ್ಬಿಯ ಪಕ್ಕದಲ್ಲೇ ನಿಂತಿದ್ದೆ ಅಂತ ಮಕ್ಕಳು ಈಗಲೂ ನಗ್ತಾರೆ. ನಗಲಿ.

ನೀವೇ ಮಾಡಿ ನೋಡಿ

ಬೋರ್ಡು ಬೇಕಿಲ್ಲ. ನಿಮ್ಮ ಊರಿನ ಹಾಲಿನ ಸೊಸೈಟಿಗೆ ಒಂದು ಪುಟ್ಟ ಕಂಪ್ಯೂಟರ್ ಕೂರಿಸಬೇಕು ಅಂದುಕೊಳ್ಳಿ. ಪ್ರತಿ ಮನೆಯವರು ಎಷ್ಟು ಲೀಟರ್ ಹಾಕಿದರು ಅಂತ ಅದು ಬರೆದಿಡಬೇಕು. ನಾಲ್ಕು ಕಾಲಂ ಹಾಕಿ ಬರೆಯಿರಿ: ಏನು ಮಾಡಲೇಬೇಕು? ಏನು ಬೇಡ? ಯಾರು ತೆರೆಯಬಹುದು? ಕರೆಂಟ್ ಹೋದರೆ ಏನಾಗಬೇಕು? ಒಬ್ಬರ ಲೆಕ್ಕ ಇನ್ನೊಬ್ಬರು ತಿದ್ದದ ಹಾಗೆ ಹೇಗೆ ಮಾಡ್ತೀರಿ? ಸಿಂಪ್ಯೂಟರಿನ ಕಾರ್ಡು ನೆನಪಿರಲಿ.

ಶಾಲೆಯ ಲ್ಯಾಬಿನಲ್ಲಿ ಲಿನಕ್ಸ್ ಇದ್ದರೆ ಇನ್ನೊಂದು ಪ್ರಯೋಗ. ಒಂದು ಕಡತದಲ್ಲಿ ನಿಮ್ಮ ಹೆಸರು ಬರೆದು, ಶಾ256ಸಮ್ ಎಂಬ ಆಜ್ಞೆ ಕೊಡಿ. ಅಂಕಿ ಮತ್ತು ಅಕ್ಷರ ಸೇರಿ 64 ಗುರುತುಗಳ ಒಂದು ಸಾಲು ಬರುತ್ತೆ. ಅದು ಆ ಕಡತದ ಬೆರಳಚ್ಚು. ಈಗ ಹೆಸರಿನ ಒಂದೇ ಅಕ್ಷರ ಬದಲಾಯಿಸಿ ಮತ್ತೆ ನೋಡಿ. ಕೋಟೆಯ ಬಾಗಿಲಲ್ಲಿ ಕಾವಲುಗಾರ ಏನು ನೋಡ್ತಾನೆ ಅಂತ ಗೊತ್ತಾಗುತ್ತೆ.

ಒಂದು ಎಚ್ಚರಿಕೆ: ನಿಜವಾದ ಗಂಟೆಗೆ 230 ವೋಲ್ಟ್ ಕರೆಂಟ್ ಬೇಕು, ಅದನ್ನು ರಿಲೇ ಮೂಲಕ ಜೋಡಿಸುವ ಕೆಲಸ ಎಲೆಕ್ಟ್ರಿಷಿಯನ್‌ಗೆ ಬಿಡಿ. ನೀವು 5 ವೋಲ್ಟಿನ ಬಜರ್ ಹಾಕಿ ಕಲಿಯಿರಿ. ಮತ್ತೆ ಇವತ್ತೇ ಮನೆಗೆ ಹೋಗಿ ಕೇಳಿ: ನಮ್ಮ ವೈಫೈ ಡಬ್ಬಿಯ ಪಾಸ್‌ವರ್ಡ್ ಬದಲಾಯಿಸಿದ್ದೀವಾ, ಚೀಟಿಯಲ್ಲಿದ್ದದ್ದೇ ಇದೆಯಾ?